ತಂತ್ರಾಂಶ ನಿರ್ಮಾಣದಲ್ಲಿ ಹಳೆಯ ಲೈಬ್ರರಿಗಳ ಮರುಬಳಕೆ: ಒಂದು ವಿವೇಚನೆ

ಹಳೆಯ ಮನೆಯನ್ನು ಕೆಡವಿ ಅದೇ ಜಾಗದಲ್ಲಿ ಹೊಸ ಮನೆಯನ್ನು ಕಟ್ಟಿಸುವ ಗೃಹಸ್ಥನು, ತನ್ನ ಅಜ್ಜನ ಕಾಲದ ತೇಗದ ಬಾಗಿಲನ್ನು ಸೌದೆಯ ರಾಶಿಗೆ ಎಸೆಯುವುದಿಲ್ಲ. ಮರ ಗಟ್ಟಿಯಾಗಿದೆ, ಕೆತ್ತನೆ ಸುಂದರವಾಗಿದೆ, ಅಂಥ ಮರವನ್ನು ಇಂದು ಕೊಳ್ಳಹೋದರೆ ಬೆಲೆ ಕೈಗೆಟುಕದು. ಆದುದರಿಂದ ಅದನ್ನು ಜೋಪಾನವಾಗಿ ಕಳಚಿ ಹೊಸ ಗೋಡೆಯಲ್ಲಿ ನಿಲ್ಲಿಸುವಂತೆ ಬಡಗಿಗೆ ಹೇಳುತ್ತಾನೆ. ಅನುಭವಿಯಾದ ಬಡಗಿಯು ಮೊದಲು ನೋಡುವುದು ಬಾಗಿಲಿನ ಅಂದವನ್ನಲ್ಲ. ಅದು ಯಾವುದರ ಮೇಲೆ ತಿರುಗುತ್ತಿತ್ತೆಂಬುದನ್ನು. ಹೊಸ್ತಿಲಿನ ಕುಳಿಯಲ್ಲಿ ಕುಳಿತ ಗೂಟದ ಮೇಲೆ ತಿರುಗುತ್ತಿದ್ದ ಬಾಗಿಲು, ಕಬ್ಬಿಣದ ಕೀಲುಗಳಿಗಾಗಿ ಮಾಡಿದ ಹೊಸ ಚೌಕಟ್ಟಿನಲ್ಲಿ ಹಾಗೆಯೇ ಕೂರಲಾರದೆಂಬುದು ಅವನಿಗೆ ತಿಳಿದ ವಿಷಯ.

ಗಣಕಯಂತ್ರದ ಲೋಕದಲ್ಲಿಯೂ ಇಂಥದೇ ಒಂದು ಸಮಸ್ಯೆ ದಿನನಿತ್ಯ ಎದುರಾಗುತ್ತಿದೆ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ತಂತ್ರಾಂಶ ನಿರ್ಮಾಣದ ಉದ್ಯೋಗದಲ್ಲಿದ್ದಾರೆ. ಶಾಲೆಗಳ, ಸಹಕಾರಿ ಸಂಘಗಳ, ಆಸ್ಪತ್ರೆಗಳ ಕಚೇರಿ ಕೆಲಸಗಳಾದರೋ ಬಹುಮಟ್ಟಿಗೆ ಗಣಕಯಂತ್ರವನ್ನೇ ಅವಲಂಬಿಸಿವೆ. ಹೀಗಿರುವಾಗ ಹಿಂದಿನ ಕಾಲದ ತಂತ್ರಾಂಶ ಭಾಗಗಳನ್ನು ಹೊಸ ಯೋಜನೆಗಳಲ್ಲಿ ಬಳಸಬಹುದೇ, ಬಳಸುವುದಾದರೆ ಯಾವ ಎಚ್ಚರಿಕೆ ಅಗತ್ಯ, ಎಂಬ ಪ್ರಶ್ನೆ ಕೇವಲ ತಂತ್ರಜ್ಞರಿಗೆ ಸೀಮಿತವಾದುದಲ್ಲ. ಆ ತಂತ್ರಾಂಶಕ್ಕೆ ಹಣ ಕೊಡುವವರಿಗೂ, ಅದನ್ನು ನಂಬಿ ಲೆಕ್ಕವಿಡುವವರಿಗೂ ಸಂಬಂಧಿಸಿದುದು. ಈ ವಿಷಯವನ್ನು ಸಾಮಾನ್ಯ ವಾಚಕರಿಗೂ ತಿಳಿಯುವಂತೆ, ಒಂದು ನಿಜವಾದ ಉದಾಹರಣೆಯ ಮೂಲಕ ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಲೈಬ್ರರಿ ಮತ್ತು ರನ್‌ಟೈಮ್

ಮೊದಲು ಎರಡು ಪದಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳಿತು. ತಂತ್ರಾಂಶವನ್ನು ಬರೆಯುವವನು ಪ್ರತಿಯೊಂದು ಕೆಲಸವನ್ನೂ ತಾನೇ ಮೊದಲಿನಿಂದ ಬರೆಯುವುದಿಲ್ಲ. ಬಡ್ಡಿ ಲೆಕ್ಕ ಹಾಕುವುದು, ಚಿತ್ರವನ್ನು ಕಿರಿದುಗೊಳಿಸುವುದು, ರಸೀದಿಯನ್ನು ಮುದ್ರಣಕ್ಕೆ ಅಣಿಗೊಳಿಸುವುದು ಮುಂತಾದ ಕೆಲಸಗಳಿಗೆ ಬೇರೆಯವರು ಈಗಾಗಲೇ ಬರೆದು ಸಿದ್ಧಪಡಿಸಿಟ್ಟ ಭಾಗಗಳು ದೊರೆಯುತ್ತವೆ. ಅಂಥ ಸಿದ್ಧ ಭಾಗಕ್ಕೆ ಲೈಬ್ರರಿ ಎಂದು ಹೆಸರು. ಅದನ್ನು ತನ್ನ ಕ್ರಮವಿಧಿಗೆ ಜೋಡಿಸಿಕೊಂಡರೆ ತಿಂಗಳುಗಳ ಶ್ರಮ ಉಳಿಯುತ್ತದೆ.

ರನ್‌ಟೈಮ್ ಎಂಬುದು ಕ್ರಮವಿಧಿಯು ಓಡುವಾಗ ಅದರ ಅಡಿಯಲ್ಲಿ ನಿಂತು ಕೆಲಸ ನಡೆಸಿಕೊಡುವ ವ್ಯವಸ್ಥೆ. ನೆನಪಿನಲ್ಲಿ ಸ್ಥಳ ಒದಗಿಸುವುದು, ಬೇಡವಾದ ಸ್ಥಳವನ್ನು ತೆರವುಗೊಳಿಸುವುದು, ಕಡತಗಳನ್ನು ತೆರೆಯುವುದು, ಸಂಖ್ಯೆಯನ್ನು ಅಕ್ಷರರೂಪಕ್ಕೆ ತರುವುದು ಮೊದಲಾದ ಮೂಲಭೂತ ಸೇವೆಗಳೆಲ್ಲ ಅದರ ಪಾಲಿನವು. ಲೈಬ್ರರಿಯು ಬಾಗಿಲಾದರೆ ರನ್‌ಟೈಮ್ ಅದನ್ನು ಹೊತ್ತ ಚೌಕಟ್ಟು. ಒಂದು ಲೈಬ್ರರಿಯನ್ನು ಸಿದ್ಧಪಡಿಸುವಾಗ, ಅದರ ಕರ್ತೃವಿನ ಕಣ್ಣಮುಂದೆ ಆ ಕಾಲದ ರನ್‌ಟೈಮ್ ಇರುತ್ತದೆಯೇ ಹೊರತು ಹತ್ತು ವರ್ಷಗಳ ಅನಂತರ ಬರುವ ರನ್‌ಟೈಮ್ ಇರುವುದಿಲ್ಲ. ಸಮಸ್ಯೆಯ ಮೂಲವಿರುವುದು ಇಲ್ಲಿಯೇ.

ಡಾಟ್ ನೆಟ್‌ನ ಎರಡು ಕಾಲಘಟ್ಟಗಳು

ಈ ಸಮಸ್ಯೆಯನ್ನು ತಿಳಿಯಲು ಮೈಕ್ರೋಸಾಫ್ಟ್ ಸಂಸ್ಥೆಯ ಡಾಟ್ ನೆಟ್ ವ್ಯವಸ್ಥೆಯ ಇತಿಹಾಸ ಬಹಳ ಉಪಯುಕ್ತವಾದುದು. ಡಾಟ್ ನೆಟ್ ಫ್ರೇಮ್‌ವರ್ಕ್‌ನ ಮೊದಲ ಆವೃತ್ತಿ ೨೦೦೨ರ ಫೆಬ್ರವರಿಯಲ್ಲಿ ಹೊರಬಂದಿತು. ಅದು ವಿಂಡೋಸ್ ಯಂತ್ರಗಳಿಗೆಂದೇ ನಿರ್ಮಿತವಾದ ರನ್‌ಟೈಮ್. ಮುಂದಿನ ಹದಿನೈದು ವರ್ಷಗಳಲ್ಲಿ ಜಗತ್ತಿನಾದ್ಯಂತ ಅದಕ್ಕಾಗಿ ಅಸಂಖ್ಯ ಲೈಬ್ರರಿಗಳು ರಚಿತವಾದವು.

ಆ ಅವಧಿಯಲ್ಲಿಯೂ ತೊಡಕುಗಳು ಇಲ್ಲದಿರಲಿಲ್ಲ. ೨೦೧೦ರಲ್ಲಿ ನಾಲ್ಕನೆಯ ಆವೃತ್ತಿಯೊಡನೆ ಹೊಸ ರನ್‌ಟೈಮ್ ಬಂದಾಗ, ಎರಡನೆಯ ಆವೃತ್ತಿಗಾಗಿ ರಚಿತವಾದ ಶುದ್ಧ ಡಾಟ್ ನೆಟ್ ಲೈಬ್ರರಿಗಳನ್ನು ಅದು ಸ್ವೀಕರಿಸಿತು. ಆದರೆ ಯಂತ್ರಭಾಷೆಯ ಅಂಶಗಳೂ ಬೆರೆತಿದ್ದ ಮಿಶ್ರ ಲೈಬ್ರರಿಗಳನ್ನು ತಾನಾಗಿ ಒಳಗೆ ಬಿಟ್ಟುಕೊಳ್ಳಲಿಲ್ಲ. ಅವುಗಳಿಗಾಗಿ ಹೊಂದಾಣಿಕೆಯ ಕಡತದಲ್ಲಿ ವಿಶೇಷವಾದ ಒಂದು ಸಾಲನ್ನು ಬರೆದು ಅನುಮತಿ ಕೊಡಬೇಕಾಗಿತ್ತು.

ಅದಕ್ಕಿಂತ ದೊಡ್ಡ ಬದಲಾವಣೆ ಮುಂದೆ ಕಾದಿತ್ತು. ೨೦೧೪ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಡಾಟ್ ನೆಟ್ ಕೋರ್ ಎಂಬ ಹೊಸ ವ್ಯವಸ್ಥೆಯ ಮೂಲ ಬರಹವನ್ನು ಸಾರ್ವಜನಿಕರಿಗೆ ಮುಕ್ತಗೊಳಿಸುವುದಾಗಿ ಪ್ರಕಟಿಸಿತು. ೨೦೧೬ರ ಜೂನ್ ತಿಂಗಳಲ್ಲಿ ಅದರ ಮೊದಲ ಆವೃತ್ತಿ ಬಿಡುಗಡೆಯಾಯಿತು. ಇದು ವಿಂಡೋಸ್ ಮಾತ್ರವಲ್ಲದೆ ಲಿನಕ್ಸ್ ಮತ್ತು ಮ್ಯಾಕ್ ಯಂತ್ರಗಳ ಮೇಲೂ ಓಡಬಲ್ಲುದು. ಹಳೆಯ ಫ್ರೇಮ್‌ವರ್ಕ್‌ನ ಮುಂದುವರಿದ ಆವೃತ್ತಿ ಇದಾಗಿರಲಿಲ್ಲ. ಅದೇ ಭಾಷೆಯನ್ನಾಡುವ ಹೊಸ ಕಟ್ಟಡವಾಗಿತ್ತು. ೨೦೨೦ರ ನವೆಂಬರಿನಲ್ಲಿ ಬಂದ ಐದನೆಯ ಆವೃತ್ತಿಯಿಂದ ಕೋರ್ ಎಂಬ ಪದವನ್ನು ಕೈಬಿಟ್ಟು ಬರಿಯ ಡಾಟ್ ನೆಟ್ ಎಂದೇ ಕರೆಯಲಾಯಿತು. ಅಲ್ಲಿಂದ ಪ್ರತಿ ನವೆಂಬರಿನಲ್ಲಿ ಒಂದೊಂದು ಆವೃತ್ತಿ ಬರುತ್ತಿದ್ದು, ೨೦೨೫ರ ನವೆಂಬರಿನಲ್ಲಿ ಹತ್ತನೆಯದು ಪ್ರಕಟವಾಯಿತು. ಹಳೆಯ ಫ್ರೇಮ್‌ವರ್ಕ್ ೨೦೧೯ರಲ್ಲಿ ೪.೮ ಮತ್ತು ೨೦೨೨ರಲ್ಲಿ ೪.೮.೧ ಆವೃತ್ತಿಗಳನ್ನು ಕಂಡು, ವಿಂಡೋಸ್‌ನ ಒಂದು ಅಂಗವಾಗಿ ಉಳಿದುಕೊಂಡಿದೆ. ಅದಕ್ಕೆ ರಕ್ಷಣೆಯ ದುರಸ್ತಿಗಳು ದೊರೆಯುತ್ತಿವೆ. ಆದರೆ ಹೊಸ ಸೌಲಭ್ಯಗಳೆಲ್ಲ ಹೊಸ ವ್ಯವಸ್ಥೆಯ ಪಾಲಿಗೆ ಸಂದಿವೆ.

ಹೀಗೆ ಹದಿನೈದು ವರ್ಷಗಳ ಸಂಗ್ರಹವಾದ ಲೈಬ್ರರಿಗಳು ಒಂದು ದಡದಲ್ಲಿ ನಿಂತವು. ಹೊಸ ಯೋಜನೆಗಳು ಇನ್ನೊಂದು ದಡದಲ್ಲಿ ಆರಂಭವಾದವು.

ಎರಡು ಸೇತುವೆಗಳು

ಈ ದಡಗಳನ್ನು ಜೋಡಿಸಲು ಎರಡು ಸೇತುವೆಗಳು ನಿರ್ಮಿತವಾದವು. ಅವುಗಳ ಭೇದವನ್ನು ತಿಳಿಯದಿರುವುದೇ ಅನೇಕ ಅನಾಹುತಗಳಿಗೆ ಕಾರಣವೆಂದರೆ ಅತಿಶಯೋಕ್ತಿಯಾಗಲಾರದು.

ಮೊದಲನೆಯದು ಡಾಟ್ ನೆಟ್ ಸ್ಟ್ಯಾಂಡರ್ಡ್. ಇದು ರನ್‌ಟೈಮ್ ಅಲ್ಲ, ಒಂದು ಒಡಂಬಡಿಕೆ. ಇಂತಿಂಥ ಸೇವೆಗಳನ್ನು ಇಂತಿಂಥ ಹೆಸರಿನಲ್ಲಿ ಹಳೆಯ ಮತ್ತು ಹೊಸ ರನ್‌ಟೈಮ್‌ಗಳೆರಡೂ ಒದಗಿಸತಕ್ಕದ್ದು ಎಂಬ ಪಟ್ಟಿ ಅದರಲ್ಲಿದೆ. ೧.೬ನೆಯ ಆವೃತ್ತಿಯಲ್ಲಿ ಸುಮಾರು ೧೩ ಸಾವಿರದಷ್ಟಿದ್ದ ಈ ಸೇವೆಗಳ ಸಂಖ್ಯೆ, ೨೦೧೭ರ ಆಗಸ್ಟ್‌ನಲ್ಲಿ ಬಂದ ೨.೦ ಆವೃತ್ತಿಯಲ್ಲಿ ೩೨ ಸಾವಿರವನ್ನು ಮೀರಿತು. ಈ ಪಟ್ಟಿಯೊಳಗಿನ ಸೇವೆಗಳನ್ನು ಮಾತ್ರ ಬಳಸಿಕೊಂಡು ರಚಿಸಿದ ಲೈಬ್ರರಿಯು ಎರಡು ದಡಗಳಲ್ಲಿಯೂ ಕಾಲೂರಿ ನಿಲ್ಲಬಲ್ಲುದು. ಒಂದು ಅಂಶವನ್ನು ಇಲ್ಲಿ ನೆನಪಿಡಬೇಕು. ಇದರ ಮುಂದಿನ ೨.೧ ಆವೃತ್ತಿಯನ್ನು ಹಳೆಯ ಫ್ರೇಮ್‌ವರ್ಕ್ ಒಪ್ಪಿಕೊಂಡಿಲ್ಲ. ಎರಡೂ ಕಡೆ ಸಲ್ಲಬೇಕಾದರೆ ೨.೦ ಆವೃತ್ತಿಯೇ ಗತಿ.

ಎರಡನೆಯದು ಹೊಂದಾಣಿಕೆಯ ಮಾರ್ಗ. ಹಳೆಯ ಫ್ರೇಮ್‌ವರ್ಕ್‌ಗಾಗಿಯೇ ರಚಿತವಾದ, ಒಡಂಬಡಿಕೆಯ ವಿಷಯವನ್ನೇ ಅರಿಯದ ಲೈಬ್ರರಿಯನ್ನು ಕೂಡ, ೨೦೧೭ರ ಡಾಟ್ ನೆಟ್ ಕೋರ್ ೨.೦ ಆವೃತ್ತಿಯಿಂದ ಮೊದಲ್ಗೊಂಡು, ಹೊಸ ಯೋಜನೆಗೆ ಇದ್ದ ಹಾಗೆಯೇ ಜೋಡಿಸಬಹುದು. ಲೈಬ್ರರಿಯು ಹಳೆಯ ವಿಳಾಸಕ್ಕೆ ಕರೆ ಕಳುಹಿಸಿದಾಗ, ಹೊಸ ರನ್‌ಟೈಮ್ ಅದನ್ನು ತಕ್ಕ ಹೊಸ ವಿಳಾಸಕ್ಕೆ ತಿರುಗಿಸುತ್ತದೆ. ಊರು ಬದಲಿಸಿದವರ ಕಾಗದಗಳನ್ನು ಅಂಚೆ ಕಚೇರಿಯವರು ಹೊಸ ವಿಳಾಸಕ್ಕೆ ಕಳುಹಿಸುವ ಏರ್ಪಾಡಿನಂತೆ ಇದು. ಆದರೆ ಯಾವ ಸೇವೆಗೆ ಹೊಸ ವಿಳಾಸವೇ ಇಲ್ಲವೋ ಅದರ ಗತಿ ಏನು? ಅಂಥ ಸಂದರ್ಭ ಒದಗಬಹುದೆಂಬ ಕಾರಣಕ್ಕೆ, ಲೈಬ್ರರಿಗಳನ್ನು ತಂದುಕೊಡುವ ನ್ಯೂಗೆಟ್ ವ್ಯವಸ್ಥೆಯು, ಈ ಲೈಬ್ರರಿ ಹಳೆಯ ಫ್ರೇಮ್‌ವರ್ಕ್‌ಗೆ ಸೇರಿದುದು, ನಿಮ್ಮ ಯೋಜನೆಯೊಡನೆ ಪೂರ್ಣವಾಗಿ ಹೊಂದದಿರಬಹುದು, ಎಂಬ ಅರ್ಥದ ಎಚ್ಚರಿಕೆಯನ್ನು ಎನ್‌ಯು ೧೭೦೧ ಎಂಬ ಸಂಖ್ಯೆಯೊಡನೆ ತೋರಿಸುತ್ತದೆ. ಅದು ಎಚ್ಚರಿಕೆಯಷ್ಟೇ, ತಡೆಯಲ್ಲ. ಕೆಲಸ ಮುಂದೆ ಸಾಗುತ್ತದೆ.

ಒಂದು ಪ್ರಸಂಗ

ಈ ಲೇಖಕನು ಸ್ವತಃ ಕಂಡ ಒಂದು ಪ್ರಸಂಗವನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇನೆ. ನಾನು ಆಗ ಒಂದು ಸಣ್ಣ ತಂತ್ರಾಂಶ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದೆ. ಒಂದು ಪತ್ತಿನ ಸಹಕಾರಿ ಸಂಘದ ಲೆಕ್ಕಪತ್ರದ ಕ್ರಮವಿಧಿಯನ್ನು ಹೊಸ ರನ್‌ಟೈಮ್‌ಗೆ ಸಾಗಿಸುವ ಹೊಣೆ ನಮ್ಮ ಮೇಲಿತ್ತು. ಬಡ್ಡಿ ಮತ್ತು ಲಾಭಾಂಶದ ಲೆಕ್ಕಗಳೆಲ್ಲ ಹಳೆಯದೊಂದು ಲೈಬ್ರರಿಯಲ್ಲಿದ್ದವು. ಅದನ್ನು ಬರೆದವರು ಸಂಸ್ಥೆಯನ್ನು ಬಿಟ್ಟು ಹೋಗಿದ್ದರು. ಮೂಲ ಬರಹ ಯಾರ ಬಳಿಯೂ ಇರಲಿಲ್ಲ. ನಾವು ಅದನ್ನು ಹೊಂದಾಣಿಕೆಯ ಮಾರ್ಗದಲ್ಲಿ ಹಾಗೆಯೇ ಜೋಡಿಸಿದೆವು. ಪರದೆಯ ಮೇಲೆ ಎಚ್ಚರಿಕೆ ಮೂಡಿತು. ಅಂಥ ಎಚ್ಚರಿಕೆಗಳು ಹಲವಾರು ಬರುತ್ತಿದ್ದುದರಿಂದ ಅದನ್ನು ಯಾರೂ ಓದಲಿಲ್ಲ, ನಾನೂ ಓದಲಿಲ್ಲ.

೨೦೧೮ರ ಜೂನ್ ತಿಂಗಳಿನಿಂದ ಹೊಸ ವ್ಯವಸ್ಥೆ ಸುಗಮವಾಗಿ ನಡೆಯಿತು. ಠೇವಣಿ, ಸಾಲ, ಕಂತು ಎಲ್ಲವೂ ಸರಿಯಾಗಿದ್ದವು. ಹಳೆಯ ಯಂತ್ರವನ್ನು ಸಂಘದವರು ವಿಲೇವಾರಿ ಮಾಡಿದರು. ೨೦೧೯ರ ಮಾರ್ಚ್ ೩೧ರ ಸಂಜೆ ವರ್ಷಾಂತ್ಯದ ಲೆಕ್ಕವನ್ನು ಮುಗಿಸಲು ಹೋದಾಗ ಕ್ರಮವಿಧಿ ಒಮ್ಮೆಗೇ ನಿಂತುಹೋಯಿತು. ಆ ಲೈಬ್ರರಿಯು ವರ್ಷಾಂತ್ಯದ ಲೆಕ್ಕವನ್ನು ಮಾತ್ರ ಆಪ್ ಡೊಮೇನ್ ಎಂಬ ಪ್ರತ್ಯೇಕ ಆವರಣವನ್ನು ನಿರ್ಮಿಸಿಕೊಂಡು ಅದರೊಳಗೆ ಮಾಡುತ್ತಿತ್ತು. ಹೊಸ ರನ್‌ಟೈಮ್‌ನಲ್ಲಿ ಅಂಥ ಆವರಣವನ್ನು ನಿರ್ಮಿಸುವ ಸೌಲಭ್ಯವೇ ಇಲ್ಲ; ಕೇಳಿದರೆ ಈ ವ್ಯವಸ್ಥೆಯಲ್ಲಿ ಇದಕ್ಕೆ ಆಸ್ಪದವಿಲ್ಲವೆಂಬ ದೋಷಸೂಚನೆ ಬರುತ್ತದೆ. ಸಂಘದ ಇಬ್ಬರು ಗುಮಾಸ್ತರು ನಾಲ್ಕು ದಿನ, ರಾತ್ರಿ ಹತ್ತರವರೆಗೂ ಕುಳಿತು, ಖಾತೆ ಪುಸ್ತಕಗಳಲ್ಲಿ ಕೈಯಿಂದ ಲೆಕ್ಕ ಮುಗಿಸಿದರು. ಅವರಲ್ಲಿ ಹಿರಿಯರೊಬ್ಬರು, “ಹತ್ತು ತಿಂಗಳು ಚೆನ್ನಾಗಿ ನಡೆಯಿತಲ್ಲ, ಈ ದಿನವೇ ಇದಕ್ಕೆ ಏನಾಯಿತು ಸರ್?” ಎಂದು ಕೇಳಿದರು. ಆ ಪ್ರಶ್ನೆಗೆ ಸರಿಯಾದ ಉತ್ತರವನ್ನು ಅಂದು ಕೊಡಲು ನನ್ನಿಂದ ಆಗಲಿಲ್ಲ. ಈಗ ಕೊಡಲು ಪ್ರಯತ್ನಿಸುತ್ತೇನೆ.

ದೋಷ ತಡವಾಗಿ ಕಾಣುವುದೇಕೆ?

ಡಾಟ್ ನೆಟ್ ಲೈಬ್ರರಿಯ ಕಡತದಲ್ಲಿ ಇರುವುದು ಸಾಮಾನ್ಯವಾಗಿ ನೇರವಾದ ಯಂತ್ರಭಾಷೆಯಲ್ಲ, ಒಂದು ಮಧ್ಯವರ್ತಿ ಭಾಷೆ. ಅದರ ಜೊತೆಗೆ ಆ ಲೈಬ್ರರಿಯು ಯಾವ ಯಾವ ಹೊರಗಿನ ಸೇವೆಗಳನ್ನು ಕರೆಯುತ್ತದೆಂಬ ಹೆಸರುಗಳ ಪಟ್ಟಿಯೂ ಇರುತ್ತದೆ. ಕ್ರಮವಿಧಿ ಓಡುವಾಗ, ಒಂದೊಂದು ಭಾಗಕ್ಕೂ ಮೊದಲ ಬಾರಿ ಸರದಿ ಬಂದಾಗ, ರನ್‌ಟೈಮ್ ಆ ಭಾಗವನ್ನು ಮಾತ್ರ ಯಂತ್ರಭಾಷೆಗೆ ಪರಿವರ್ತಿಸುತ್ತದೆ. ಕರೆದ ಹೆಸರು ಹೊಸ ರನ್‌ಟೈಮ್‌ನಲ್ಲಿ ಇಲ್ಲವಾದರೆ ಅದು ತಿಳಿಯುವುದು ಆಗ. ಹೆಸರು ಇದ್ದು ಅದರ ಹಿಂದೆ ಕೆಲಸವಿಲ್ಲವಾದರೆ, ಆ ಕರೆ ನಡೆಯುವ ಕ್ಷಣದವರೆಗೂ ತಿಳಿಯುವುದಿಲ್ಲ. ವರ್ಷಕ್ಕೊಮ್ಮೆ ಮಾತ್ರ ನಡೆಯುವ ಭಾಗದಲ್ಲಿನ ದೋಷ ವರ್ಷಕ್ಕೊಮ್ಮೆ ಮಾತ್ರ ಕಾಣಿಸಿಕೊಳ್ಳುತ್ತದೆ. ಲೈಬ್ರರಿ ಜೋಡಣೆಯಾಯಿತು, ಕ್ರಮವಿಧಿ ಆರಂಭವಾಯಿತು, ಎಂಬುದು ಅದು ಸರಿಯಾಗಿದೆ ಎಂಬುದಕ್ಕೆ ಪ್ರಮಾಣವಲ್ಲ. ಈ ಲೇಖನದ ಮುಖ್ಯವಾದ ಮಾತು ಇದೇ.

ಹೊಸ ದಡಕ್ಕೆ ದಾಟಲಾರದ ಸೇವೆಗಳಲ್ಲಿ ಮುಖ್ಯವಾದವುಗಳನ್ನು ಹೆಸರಿಸಬಹುದು. ಮೇಲೆ ಹೇಳಿದ ಪ್ರತ್ಯೇಕ ಆವರಣಗಳ ನಿರ್ಮಾಣ. ದೂರದ ಯಂತ್ರದಲ್ಲಿರುವ ವಸ್ತುವನ್ನು ಇಲ್ಲಿಯದೇ ಎಂಬಂತೆ ಬಳಸುವ ರಿಮೋಟಿಂಗ್ ಎಂಬ ಪದ್ಧತಿ. ಹಳೆಯ ಜಾಲಪುಟಗಳ ರಚನೆಗಿದ್ದ ವೆಬ್ ಫಾರ್ಮ್ಸ್. ಓಡುತ್ತಿರುವ ಕೆಲಸದ ಎಳೆಯೊಂದನ್ನು ಹೊರಗಿನಿಂದ ಬಲವಂತವಾಗಿ ಕತ್ತರಿಸುವ ಕ್ರಮ. ಇವು ಯಾವುವೂ ಹೊಸ ವ್ಯವಸ್ಥೆಯಲ್ಲಿ ಇಲ್ಲ. ಚಿತ್ರಗಳನ್ನು ರಚಿಸುವ ಸಿಸ್ಟಮ್ ಡ್ರಾಯಿಂಗ್ ಎಂಬ ಲೈಬ್ರರಿಗೆ ೨೦೨೧ರ ಆರನೆಯ ಆವೃತ್ತಿಯಿಂದ ವಿಂಡೋಸ್‌ನಲ್ಲಿ ಮಾತ್ರ ಬೆಂಬಲವಿದೆ. ರಸೀದಿಯ ಮೇಲೆ ಮುದ್ರೆಯ ಚಿತ್ರವನ್ನು ಕೂಡಿಸುವ ಹಳೆಯ ಲೈಬ್ರರಿಯೊಂದು ವಿಂಡೋಸ್‌ನಲ್ಲಿ ಓಡಿ, ಲಿನಕ್ಸ್ ಯಂತ್ರದಲ್ಲಿ ನಿಲ್ಲುವುದು ಇದರಿಂದ. ಇನ್ನು ೩೨ ಬಿಟ್ ಯಂತ್ರಭಾಷೆಯ ಕಡತವನ್ನು ನೆಚ್ಚಿಕೊಂಡ ಲೈಬ್ರರಿಯನ್ನು ೬೪ ಬಿಟ್ ಕ್ರಮವಿಧಿಯೊಳಗೆ ತರಲು ಬರುವುದಿಲ್ಲ.

ಇವುಗಳಲ್ಲಿ ಬೈನರಿ ಫಾರ್ಮ್ಯಾಟರ್ ಎಂಬುದರ ಕಥೆ ವಿಶೇಷವಾಗಿ ಗಮನಾರ್ಹವಾದುದು. ಕ್ರಮವಿಧಿಯ ನೆನಪಿನಲ್ಲಿರುವ ಮಾಹಿತಿಯನ್ನು ಇದ್ದ ಹಾಗೆಯೇ ಕಡತಕ್ಕೆ ಇಳಿಸಿ, ಮತ್ತೆ ಓದಿಕೊಳ್ಳಲು ಹಳೆಯ ಲೈಬ್ರರಿಗಳು ಇದನ್ನು ಧಾರಾಳವಾಗಿ ಬಳಸಿದ್ದವು. ಆದರೆ ದುಷ್ಟರು ಸಿದ್ಧಪಡಿಸಿದ ಕಡತವನ್ನು ಇದರ ಮೂಲಕ ಓದಿದರೆ, ಓದುವ ಕ್ರಿಯೆಯಲ್ಲಿಯೇ ಅವರ ಆಜ್ಞೆಗಳು ನಮ್ಮ ಯಂತ್ರದಲ್ಲಿ ನಡೆದುಹೋಗುವ ಅಪಾಯವಿದೆ. ಈ ಕಾರಣದಿಂದ ೨೦೨೪ರ ನವೆಂಬರಿನಲ್ಲಿ ಬಂದ ಒಂಬತ್ತನೆಯ ಆವೃತ್ತಿಯಲ್ಲಿ ಅದನ್ನು ಬಳಸಲು ಹೋದರೆ ದೋಷಸೂಚನೆ ಮಾತ್ರ ಬರುವಂತೆ ಮಾಡಲಾಯಿತು. ತೆಗೆದುಹಾಕಿದುದು ಸರಿಯಾದ ನಿರ್ಧಾರವೇ. ಆದರೆ ಹತ್ತು ವರ್ಷಗಳ ದಾಖಲೆಗಳನ್ನು ಆ ರೂಪದಲ್ಲಿ ಇಟ್ಟುಕೊಂಡ ಸಂಸ್ಥೆಯು, ಹೊಸ ಮನೆಗೆ ಹೊರಡುವ ಮೊದಲೇ, ಹಳೆಯ ರನ್‌ಟೈಮ್ ಇನ್ನೂ ಕೈಯಲ್ಲಿರುವಾಗಲೇ, ಆ ದಾಖಲೆಗಳನ್ನು ಬೇರೆ ರೂಪಕ್ಕೆ ಪರಿವರ್ತಿಸಿಕೊಳ್ಳುವುದು ಕ್ಷೇಮ.

ನಿಲ್ಲದೆ ಓಡುವ ದೋಷ

ಕ್ರಮವಿಧಿ ನಿಂತುಹೋಗುವುದು ಕಷ್ಟವೇ ಸರಿ. ಆದರೆ ಅದು ನಿಲ್ಲದೆ, ದೂರದೆ, ಬೇರೆ ಉತ್ತರವನ್ನು ಕೊಡುವುದು ಅದಕ್ಕಿಂತ ಹೆಚ್ಚಿನ ಅಪಾಯ. ಮೂರು ಉದಾಹರಣೆಗಳಿಂದ ಇದನ್ನು ತಿಳಿಯಬಹುದು.

ಮೊದಲನೆಯದು ಸಂಖ್ಯೆಗೆ ಸಂಬಂಧಿಸಿದುದು. ಗಣಕಯಂತ್ರವು ದಶಮಾಂಶ ಸಂಖ್ಯೆಗಳನ್ನು ಸಾಮಾನ್ಯವಾಗಿ ದ್ವಿಮಾನ ಪದ್ಧತಿಯಲ್ಲಿ ಇಟ್ಟುಕೊಳ್ಳುವುದರಿಂದ ೦.೧ ಮತ್ತು ೦.೨ ಎಂಬವು ಅದರಲ್ಲಿ ನಿಖರವಾಗಿ ನಿಲ್ಲುವುದಿಲ್ಲ. ಅತಿ ಸೂಕ್ಷ್ಮವಾದ ವ್ಯತ್ಯಾಸ ಇದ್ದೇ ಇರುತ್ತದೆ. ಇವೆರಡನ್ನೂ ಕೂಡಿಸಿ ಉತ್ತರವನ್ನು ಅಕ್ಷರರೂಪದಲ್ಲಿ ಕೇಳಿದರೆ, ಹಳೆಯ ಫ್ರೇಮ್‌ವರ್ಕ್ ಹದಿನೈದು ಅಂಕಿಗಳಿಗೆ ಸರಿಪಡಿಸಿ ೦.೩ ಎಂದು ಬರೆಯುತ್ತಿತ್ತು. ೨೦೧೯ರ ಡಾಟ್ ನೆಟ್ ಕೋರ್ ೩.೦ ಆವೃತ್ತಿಯಿಂದ ಉತ್ತರವು ೦.೩೦೦೦೦೦೦೦೦೦೦೦೦೦೦೦೪ ಎಂದು ಬರುತ್ತದೆ. ಒಳಗಿರುವ ಸಂಖ್ಯೆಯನ್ನು ಮರೆಮಾಚದೆ ತೋರಿಸುವುದರಿಂದ ಹೊಸ ಕ್ರಮವೇ ಹೆಚ್ಚು ಪ್ರಾಮಾಣಿಕವಾದುದು. ಆದರೆ ಎರಡು ಮೊತ್ತಗಳನ್ನು ಅಕ್ಷರರೂಪದಲ್ಲಿ ಹೋಲಿಸಿ, ತಾಳೆಯಾಯಿತೋ ಇಲ್ಲವೋ ಎಂದು ನಿರ್ಣಯಿಸುತ್ತಿದ್ದ ಹಳೆಯ ಲೈಬ್ರರಿಯು, ನಿನ್ನೆಯವರೆಗೆ ತಾಳೆಯಾಗುತ್ತಿದ್ದ ಲೆಕ್ಕವನ್ನು ಇಂದು ತಾಳೆಯಾಗಲಿಲ್ಲವೆಂದು ಹೇಳಬಹುದು.

ಎರಡನೆಯದು ಪಠ್ಯದ ಹುಡುಕಾಟಕ್ಕೆ ಸಂಬಂಧಿಸಿದುದು. ವಿಂಡೋಸ್‌ನ ಪಠ್ಯ ಕಡತಗಳಲ್ಲಿ ಪ್ರತಿ ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಎರಡು ಸಂಕೇತಗಳು ಜೋಡಿಯಾಗಿ ಇರುತ್ತವೆ. ೨೦೨೦ರಲ್ಲಿ ಬಂದ ಐದನೆಯ ಆವೃತ್ತಿಯು ಭಾಷಾನುಗುಣವಾದ ಹೋಲಿಕೆಗೆ ವಿಂಡೋಸ್‌ನ ಹಳೆಯ ಪದ್ಧತಿಯನ್ನು ಬಿಟ್ಟು, ಐಸಿಯು ಎಂಬ ಅಂತರರಾಷ್ಟ್ರೀಯ ಲೈಬ್ರರಿಯ ಪದ್ಧತಿಯನ್ನು ಅನುಸರಿಸಿತು. ಅದರ ಪ್ರಕಾರ ಆ ಜೋಡಿ ಸಂಕೇತ ಒಂದೇ ಅಕ್ಷರವಿದ್ದಂತೆ. ಆದುದರಿಂದ ಜೋಡಿಯಲ್ಲಿನ ಎರಡನೆಯ ಸಂಕೇತವನ್ನು ಮಾತ್ರ ಆ ಬಗೆಯ ಹೋಲಿಕೆಯಿಂದ ಹುಡುಕಿದ ಹಳೆಯ ಲೈಬ್ರರಿಗೆ, ಕಣ್ಣೆದುರಿಗಿದ್ದರೂ ಅದು ಇಲ್ಲವೆಂಬ ಉತ್ತರ ದೊರೆಯಿತು.

ಮೂರನೆಯದು ನಮ್ಮ ಕನ್ನಡಕ್ಕೇ ಸಂಬಂಧಿಸಿದುದು. ಯೂನಿಕೋಡ್ ವ್ಯವಸ್ಥೆ ಬಳಕೆಗೆ ಬರುವ ಮುನ್ನ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಆವೃತ್ತಿಗಳಲ್ಲಿ ಸಿದ್ಧವಾದ ಕನ್ನಡ ಕಡತಗಳು ಅಸಂಖ್ಯವಾಗಿವೆ. ಅವುಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತಸ್ಥಾನಗಳಲ್ಲಿ ಕೂರಿಸಲಾಗಿತ್ತು. ತಕ್ಕ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಇಂಥ ಕಡತವನ್ನು ಓದುವ ಹಳೆಯ ಲೈಬ್ರರಿಯೊಂದು, ಯಂತ್ರದ ವಾಡಿಕೆಯ ಸಂಕೇತಪದ್ಧತಿಯಲ್ಲಿ ಓದು ಎಂದು ರನ್‌ಟೈಮ್‌ಗೆ ಹೇಳುತ್ತದೆಂದು ಭಾವಿಸೋಣ. ಇಂಗ್ಲಿಷ್ ವಿಂಡೋಸ್‌ನಲ್ಲಿ ಹಳೆಯ ಫ್ರೇಮ್‌ವರ್ಕ್ ಇದನ್ನು ವಿಂಡೋಸ್ ೧೨೫೨ ಎಂಬ ಪದ್ಧತಿಯೆಂದು ತಿಳಿಯುತ್ತಿತ್ತು. ಕಡತ ಸರಿಯಾಗಿ ಓದಲ್ಪಡುತ್ತಿತ್ತು. ಹೊಸ ರನ್‌ಟೈಮ್‌ನಲ್ಲಿ ಅದೇ ಮಾತಿಗೆ ಯುಟಿಎಫ್ ೮ ಎಂಬ ಪದ್ಧತಿಯೆಂದು ಅರ್ಥ. ಆ ಪದ್ಧತಿಯ ನಿಯಮಕ್ಕೆ ಹೊಂದದ ಸಂಕೇತಗಳ ಸ್ಥಳದಲ್ಲೆಲ್ಲ ಒಂದೇ ಬಗೆಯ ಪ್ರಶ್ನಾರ್ಥಕ ಗುರುತು ಬಂದು ಕೂರುತ್ತದೆ. ದೋಷಸೂಚನೆ ಇಲ್ಲ, ಎಚ್ಚರಿಕೆಯೂ ಇಲ್ಲ. ಹಾಗೆ ಓದಿದುದನ್ನು ಅದೇ ಕಡತಕ್ಕೆ ಮರಳಿ ಉಳಿಸಿಬಿಟ್ಟರೆ, ಯಾವ ಅಕ್ಷರ ಎಲ್ಲಿತ್ತೆಂಬುದು ಎಂದೆಂದಿಗೂ ತಿಳಿಯದಂತಾಗುತ್ತದೆ. ಒಂದು ಪುಸ್ತಕವು ಹುಳು ಹಿಡಿದು ಹಾಳಾಗಲು ವರ್ಷಗಳು ಬೇಕು. ಈ ರೀತಿಯಲ್ಲಿ ಒಂದು ಗಂಟೆಯಲ್ಲಿ ಒಂದು ಕಪಾಟಿನಷ್ಟು ಬರಹ ನಷ್ಟವಾಗಬಲ್ಲುದು. ಕಡತ ಯಾವ ಪದ್ಧತಿಯದೆಂಬುದನ್ನು ಹೆಸರಿಸಿ ಹೇಳುವುದು, ಹಳೆಯ ಸಂಕೇತಪದ್ಧತಿಗಳ ಪಟ್ಟಿಯನ್ನು ಹೊಸ ರನ್‌ಟೈಮ್‌ಗೆ ನೋಂದಾಯಿಸುವುದು, ಮೂಲ ಕಡತವನ್ನು ಮುಟ್ಟದೆ ಪ್ರತಿಯ ಮೇಲೆ ಮಾತ್ರ ಕೆಲಸ ಮಾಡುವುದು, ಇವೇ ಇದಕ್ಕೆ ಪರಿಹಾರ.

ಇಂಥ ತೊಡಕು ಡಾಟ್ ನೆಟ್ ಒಂದಕ್ಕೇ ಮೀಸಲಾದುದಲ್ಲ. ಪೈಥಾನ್ ಭಾಷೆಯ ಮೂರನೆಯ ಆವೃತ್ತಿ ೨೦೦೮ರ ಡಿಸೆಂಬರಿನಲ್ಲಿ ಬಂದಿತು. ಎರಡನೆಯ ಆವೃತ್ತಿಗೆ ಬೆಂಬಲ ನಿಂತದ್ದು ೨೦೨೦ರ ಜನವರಿ ೧ರಂದು. ಎರಡರ ನಡುವೆ ಹನ್ನೊಂದು ವರ್ಷಗಳ ಸಂಕ್ರಮಣ ಕಾಲ ಬೇಕಾಯಿತು. ಅಲ್ಲಿಯೂ ಮೌನವಾದ ಬದಲಾವಣೆಗಳಿದ್ದವು. ೭ನ್ನು ೨ರಿಂದ ಭಾಗಿಸು ಎಂದರೆ ಎರಡನೆಯ ಆವೃತ್ತಿ ೩ ಎನ್ನುತ್ತಿತ್ತು, ಮೂರನೆಯದು ೩.೫ ಎನ್ನುತ್ತದೆ. ಮೂರನೆಯದರ ಉತ್ತರವೇ ಗಣಿತಕ್ಕೆ ಒಪ್ಪುವಂಥದು. ಆದರೆ ಹಳೆಯ ಉತ್ತರವನ್ನೇ ನಂಬಿ ಬರೆದ ಲೈಬ್ರರಿಗೆ ಸರಿಯಾದ ಉತ್ತರವೂ ತಪ್ಪಾಗಿ ಪರಿಣಮಿಸುತ್ತದೆ.

ಅನುಸರಿಸಬಹುದಾದ ಮಾರ್ಗಗಳು

ಹಾಗಾದರೆ ಹಳೆಯ ಲೈಬ್ರರಿಗಳನ್ನು ತ್ಯಜಿಸಬೇಕೇ? ಖಂಡಿತ ಬೇಡ. ಹತ್ತಾರು ವರ್ಷಗಳ ಬಳಕೆಯಲ್ಲಿ ಪರೀಕ್ಷೆಗೊಳಗಾಗಿ, ತಿದ್ದಿಸಿಕೊಂಡು ಗಟ್ಟಿಯಾದ ಲೈಬ್ರರಿಯು ಹೊಸದಾಗಿ ಅವಸರದಲ್ಲಿ ಬರೆದುದಕ್ಕಿಂತ ಎಷ್ಟೋ ಮೇಲು. ಮಾಡಬೇಕಾದುದು ಕ್ರಮವರಿತ ಪರಿಶೀಲನೆ.

ಮೊದಲಿಗೆ, ಅದೇ ಲೈಬ್ರರಿಯ ಹೊಸ ಆವೃತ್ತಿಯನ್ನು ಅದರ ಕರ್ತೃಗಳು ಪ್ರಕಟಿಸಿದ್ದಾರೆಯೇ ಎಂದು ನೋಡತಕ್ಕದ್ದು. ಹೆಚ್ಚು ಬಳಕೆಯಲ್ಲಿರುವ ಲೈಬ್ರರಿಗಳಲ್ಲಿ ಅನೇಕವು ಒಡಂಬಡಿಕೆಯ ೨.೦ ಆವೃತ್ತಿಗೆ ತಕ್ಕಂತೆ ಈಗಾಗಲೇ ಮಾರ್ಪಟ್ಟಿವೆ.

ಎರಡನೆಯದಾಗಿ, ಮೂಲ ಬರಹ ನಮ್ಮಲ್ಲಿದ್ದರೆ ಅದನ್ನು ಒಡಂಬಡಿಕೆಗೆ ಅನುಗುಣವಾಗಿ ಮತ್ತೆ ಸಿದ್ಧಪಡಿಸುವುದು ಉತ್ತಮ ಮಾರ್ಗ. ಪಟ್ಟಿಯಲ್ಲಿ ಇಲ್ಲದ ಸೇವೆಯನ್ನು ಎಲ್ಲಿ ಬಳಸಲಾಗಿದೆಯೋ ಅಲ್ಲಿ ಕೆಲಸ ತಾನೇ ನಿಲ್ಲುತ್ತದೆ. ಅಂಥ ದೋಷವು ಮೊದಲ ದಿನವೇ ಕಾಣುತ್ತದೆಂಬುದೇ ಇದರ ದೊಡ್ಡ ಲಾಭ.

ಮೂರನೆಯದಾಗಿ, ಮೂಲ ಬರಹ ಇಲ್ಲದಿದ್ದರೆ, ಲೈಬ್ರರಿಯ ಕಡತದಲ್ಲಿರುವ ಹೆಸರುಗಳ ಪಟ್ಟಿಯನ್ನು ಓದಿ ಯಾವ ಸೇವೆಗಳು ಹೊಸ ಕಡೆ ಇಲ್ಲವೆಂದು ತೋರಿಸುವ ಉಪಕರಣಗಳ ನೆರವನ್ನು ಪಡೆಯಬೇಕು. ಪಟ್ಟಿ ಶುದ್ಧವಾಗಿದ್ದರೆ ಮಾತ್ರ ಹೊಂದಾಣಿಕೆಯ ಮಾರ್ಗವನ್ನು ಹಿಡಿಯಬಹುದು. ಆದರೆ ಉಪಕರಣವು ಹೆಸರುಗಳನ್ನು ನೋಡಬಲ್ಲುದೇ ಹೊರತು ಉತ್ತರಗಳ ವ್ಯತ್ಯಾಸವನ್ನು ನೋಡಲಾರದು.

ನಾಲ್ಕನೆಯದಾಗಿ, ದಾಟಲಾರದ ಲೈಬ್ರರಿಯನ್ನು ಹಳೆಯ ರನ್‌ಟೈಮ್‌ನಲ್ಲಿಯೇ ಪ್ರತ್ಯೇಕ ಕ್ರಮವಿಧಿಯಾಗಿ ಉಳಿಸಿ, ಹೊಸ ಕ್ರಮವಿಧಿಯು ಅದಕ್ಕೆ ಪ್ರಶ್ನೆ ಕಳುಹಿಸಿ ಉತ್ತರ ಪಡೆಯುವಂತೆ ಏರ್ಪಡಿಸಬಹುದು. ಹಳೆಯ ಬಾಗಿಲನ್ನು ಹೊಸ ಗೋಡೆಗೆ ಒತ್ತಿ ಕೂರಿಸದೆ, ಹಳೆಯ ಕೋಣೆಯೊಂದನ್ನೇ ಹಾಗೆ ಉಳಿಸಿಕೊಂಡಂತೆ. ವೇಗ ಸ್ವಲ್ಪ ತಗ್ಗೀತು, ನೋಡಿಕೊಳ್ಳುವ ಕೆಲಸ ಹೆಚ್ಚೀತು. ಆದರೆ ಉತ್ತರ ಬದಲಾಗದು. ೩೨ ಬಿಟ್ ಕಡತಗಳ ತೊಡಕಿಗೂ ಇದೇ ಪರಿಹಾರ. ಇವಾವುವೂ ಸಲ್ಲದಿದ್ದಾಗ ಮಾತ್ರ ಹೊಸದಾಗಿ ಬರೆಯುವ ಮಾತು.

ಯಾವ ಮಾರ್ಗವನ್ನು ಹಿಡಿದರೂ ತಪ್ಪಿಸಲಾಗದ ಒಂದು ಕೆಲಸವಿದೆ. ಹಳೆಯ ವ್ಯವಸ್ಥೆ ಇನ್ನೂ ಓಡುತ್ತಿರುವಾಗಲೇ, ಅದಕ್ಕೆ ಕೊಟ್ಟ ಪ್ರಶ್ನೆಗಳನ್ನೂ ಅದು ಕೊಟ್ಟ ಉತ್ತರಗಳನ್ನೂ ದಾಖಲೆ ಮಾಡಿಟ್ಟುಕೊಳ್ಳಬೇಕು. ದಿನದ ಲೆಕ್ಕವಷ್ಟೇ ಅಲ್ಲ, ತಿಂಗಳ ಕೊನೆಯ, ವರ್ಷದ ಕೊನೆಯ, ಅಧಿಕ ವರ್ಷದ ಫೆಬ್ರವರಿ ೨೯ರ ಲೆಕ್ಕಗಳೂ ಅದರಲ್ಲಿರಬೇಕು. ಅನಂತರ ಅದೇ ಪ್ರಶ್ನೆಗಳನ್ನು ಹೊಸ ವ್ಯವಸ್ಥೆಗೆ ಕೊಟ್ಟು, ಉತ್ತರಗಳನ್ನು ಸಾಲುಸಾಲಾಗಿ ತಾಳೆ ನೋಡಬೇಕು. ಶಿಕ್ಷಕರು ಉತ್ತರ ಪತ್ರಿಕೆಯನ್ನು ಮಾದರಿ ಉತ್ತರಗಳೊಡನೆ ಹೋಲಿಸುವ ಕೆಲಸದಂತೆಯೇ ಇದು ಬೇಸರ ತರುವಂಥದು, ಆದರೆ ಬಿಡಬಾರದಂಥದು. ಇಲ್ಲಿ ಒಂದು ವಿವೇಚನೆಯೂ ಬೇಕು. ವ್ಯತ್ಯಾಸ ಕಂಡಾಗ ಹೊಸದು ತಪ್ಪೆಂದು ತಕ್ಷಣ ನಿರ್ಣಯಿಸಲಾಗದು. ಎಷ್ಟೋ ವೇಳೆ ಹಳೆಯ ತಪ್ಪೇ ಈಗ ಬೆಳಕಿಗೆ ಬಂದಿರುತ್ತದೆ. ಆದರೆ ಆ ನಿರ್ಣಯವನ್ನು ಲೆಕ್ಕ ಬಲ್ಲ ಮನುಷ್ಯನು ಮಾಡಬೇಕೇ ಹೊರತು, ಅದು ಯಾರ ಗಮನಕ್ಕೂ ಬಾರದೆ ತಾನಾಗಿ ಆಗಿಹೋಗಬಾರದು.

ಹಣ ಕೊಟ್ಟು ತಂತ್ರಾಂಶವನ್ನು ಮಾಡಿಸುವ ಸಂಸ್ಥೆಗಳವರಿಗೂ, ದಾನಿಗಳಿಗೂ ನಾಲ್ಕು ಮಾತು. ಮೂಲ ಬರಹದ ಪ್ರತಿ ಸಂಸ್ಥೆಯ ಕೈಯಲ್ಲಿರಬೇಕೆಂಬ ಷರತ್ತನ್ನು ಒಪ್ಪಂದದಲ್ಲಿಯೇ ಬರೆಸಬೇಕು. ಬಳಸಿದ ಲೈಬ್ರರಿಗಳ ಹೆಸರು, ಆವೃತ್ತಿ ಮತ್ತು ಪರವಾನಗಿಯ ಪಟ್ಟಿಯನ್ನು ಕೇಳಿ ಪಡೆಯಬೇಕು. ಹೊಸ ವ್ಯವಸ್ಥೆಯಲ್ಲಿ ಒಂದು ಪೂರ್ಣ ಆರ್ಥಿಕ ವರ್ಷ ಮುಗಿಯುವವರೆಗೆ ಹಳೆಯ ಯಂತ್ರವನ್ನು ವಿಲೇವಾರಿ ಮಾಡಬಾರದು. ಪರೀಕ್ಷೆಗೆಂದು ಕೇಳುವ ಕಾಲಾವಕಾಶವನ್ನೂ ಹಣವನ್ನೂ ವ್ಯರ್ಥವೆಂದು ಭಾವಿಸಬಾರದು.

ಆ ಹಿರಿಯ ಗುಮಾಸ್ತರ ಪ್ರಶ್ನೆಗೆ ಈಗ ಉತ್ತರ ಹೇಳಬಲ್ಲೆ. ಯಂತ್ರಕ್ಕೆ ಆ ದಿನ ಏನೂ ಆಗಿರಲಿಲ್ಲ. ದೋಷವು ಜೂನ್ ತಿಂಗಳ ಮೊದಲ ದಿನದಿಂದಲೂ ಅಲ್ಲಿಯೇ ಇತ್ತು. ಅದು ಇರಬಹುದೆಂದು ಒಂದು ಸಾಲಿನ ಎಚ್ಚರಿಕೆ ನಮಗೆ ತಿಳಿಸಿಯೂ ಇತ್ತು. ಓದಬೇಕಾದವರು ಓದಲಿಲ್ಲ, ಆ ನಾಲ್ಕು ದಿನಗಳ ಶ್ರಮವನ್ನು ತಪ್ಪು ಮಾಡದವರು ಪಟ್ಟರು. ತಂತ್ರಾಂಶದ ಉದ್ಯೋಗಕ್ಕೆ ಈಗ ಕಾಲಿಡುತ್ತಿರುವ ನಮ್ಮ ಶಾಲೆಯ ಕಿರಿಯರು ಅಂಥ ಎಚ್ಚರಿಕೆ ಪರದೆಯ ಮೇಲೆ ಮೂಡಿದಾಗ ಒಂದು ನಿಮಿಷ ನಿಂತು, ಈ ಲೈಬ್ರರಿ ಯಾವುದರ ಮೇಲೆ ತಿರುಗುತ್ತಿತ್ತೆಂದು ಕೇಳಿಕೊಳ್ಳುವಂತಾದರೆ ಈ ಲೇಖನದ ಶ್ರಮ ಸಾರ್ಥಕವಾಯಿತೆಂದು ತಿಳಿಯುತ್ತೇನೆ.